ರೋಪ್ಷಾದಲ್ಲಿ ಸತ್ತ ಸಾಮ್ರಾಟ: ಮೂರನೇ ಪೀಟರನನ್ನು ಕೊಂದವರು ಯಾರು?

ಪ್ರಶ್ನೆ: ರಷ್ಯಾದ ಮಹಾ ಕ್ಯಾಥರೀನಳ ಬಗ್ಗೆ ಓದುತ್ತಿದ್ದೆ. ಅವಳ ಗಂಡ ಮೂರನೇ ಪೀಟರ್ ಆರೇ ತಿಂಗಳು ಆಳಿದ, ಅರೆಹುಚ್ಚ, ಕುಡುಕ, ಪಟ್ಟ ಹೋದ ಮೇಲೆ ಸೆರೆಯಲ್ಲಿ ಮೂಲವ್ಯಾಧಿಯಿಂದ ಸತ್ತ ಎಂದು ಒಂದು ಕಡೆ ಇದೆ. ಹೆಂಡತಿಯೇ ಕೊಲ್ಲಿಸಿದಳು ಎಂದು ಇನ್ನೊಂದು ಕಡೆ. ಯಾವುದನ್ನು ನಂಬಬೇಕು? ಅವನು ನಿಜಕ್ಕೂ ಅಷ್ಟು ಅಪ್ರಯೋಜಕನಾಗಿದ್ದರೆ, ಸತ್ತು ಹನ್ನೊಂದು ವರ್ಷವಾದ ಮೇಲೂ ರೈತರು ಅವನ ಹೆಸರಲ್ಲಿ ದಂಗೆ ಎದ್ದದ್ದು ಏಕೆ?

ಉತ್ತರ: ಮೂಲವ್ಯಾಧಿಯ ಕಥೆಯನ್ನು ಮೊದಲೇ ಪಕ್ಕಕ್ಕಿಡೋಣ. ಅದನ್ನು ಆ ಕಾಲದ ಯುರೋಪೇ ನಂಬಿರಲಿಲ್ಲ. 1762ರ ಜುಲೈ 7ರಂದು ಕ್ಯಾಥರೀನ್ ಹೊರಡಿಸಿದ ಘೋಷಣೆಯಲ್ಲಿ, ಮಾಜಿ ಸಾಮ್ರಾಟನಿಗೆ ಆಗಾಗ ಕಾಡುತ್ತಿದ್ದ ಮೂಲವ್ಯಾಧಿ ಉಲ್ಬಣಿಸಿ, ಹೊಟ್ಟೆಶೂಲೆ ಬಂದು, ದೇವರ ಇಚ್ಛೆಯಿಂದ ತೀರಿಕೊಂಡ ಎಂದು ಇತ್ತು. ಅದಾದ ಸ್ವಲ್ಪ ಕಾಲಕ್ಕೆ ಆಕೆ ಫ್ರಾನ್ಸಿನ ಗಣಿತಜ್ಞ ದಲಾಂಬೇರನನ್ನು ಮಗನಿಗೆ ಪಾಠ ಹೇಳಲು ಬಾ ಎಂದು ಕರೆಸಿದಳು. ಅವನು ಹೋಗಲಿಲ್ಲ. ನನಗೂ ಮೂಲವ್ಯಾಧಿಯ ಉಪದ್ರವವಿದೆ, ಆ ದೇಶದಲ್ಲಿ ಅದು ಬಹಳ ಅಪಾಯದ ಕಾಯಿಲೆಯಂತೆ ಎಂದು ವೋಲ್ಟೇರನಿಗೆ ಬರೆದು ನಕ್ಕ.

ನನ್ನ ಅಭಿಪ್ರಾಯ ಕೇಳಿದರೆ, ಅದು ಕೊಲೆ ಎನ್ನುವುದಕ್ಕೆ ಬಲವಾದ ಕಾರಣಗಳಿವೆ, ಮಾಡಿದವರು ಕಾವಲಿಗಿದ್ದವರು. ಕ್ಯಾಥರೀನ್ ಆಜ್ಞೆ ಕೊಟ್ಟಳು ಎನ್ನುವುದಕ್ಕೆ ಒಂದು ಚೀಟಿಯ ಆಧಾರವೂ ಸಿಕ್ಕಿಲ್ಲ. ಆದರೆ ಅವಳು ಬಾಯಿಬಿಟ್ಟು ಹೇಳಬೇಕಾದ ಅಗತ್ಯವಾದರೂ ಏನಿತ್ತು ಎಂಬುದು ನನ್ನ ಮರುಪ್ರಶ್ನೆ. ಅದು ಅರ್ಥವಾಗಬೇಕಾದರೆ ಅವನು ಪಟ್ಟ ಕಳೆದುಕೊಂಡ ಬಗೆಯಿಂದ ಶುರುಮಾಡಬೇಕು. (ಇಲ್ಲಿ ರಷ್ಯಾದ ಘಟನೆಗಳಿಗೆ ಕೊಟ್ಟಿರುವ ದಿನಾಂಕಗಳು ಅಂದಿನ ಹಳೆಯ ಕ್ಯಾಲೆಂಡರಿನವು. ಆ ಶತಮಾನಕ್ಕೆ 11 ದಿನ ಸೇರಿಸಿಕೊಂಡರೆ ಈಗಿನ ಲೆಕ್ಕ ಸಿಗುತ್ತದೆ.)

ಪೀಟರ್ ಹುಟ್ಟಿದ್ದು ರಷ್ಯಾದಲ್ಲಲ್ಲ, ಜರ್ಮನಿಯ ಕೀಲ್ ನಗರದಲ್ಲಿ, 1728ರಲ್ಲಿ. ತಾಯಿ ಮಹಾ ಪೀಟರನ ಮಗಳು ಆನ್ನಾ, ತಂದೆ ಹೋಲ್‌ಸ್ಟೈನ್-ಗೊಟಾರ್ಪ್‌ನ ಡ್ಯೂಕ್. ತಾಯಿ ಹೆತ್ತ ಕೆಲವೇ ತಿಂಗಳಲ್ಲಿ ಹೋದಳು, ತಂದೆ ಮಗನಿಗೆ ಹನ್ನೊಂದಾಗಿದ್ದಾಗ. ಮಕ್ಕಳಿಲ್ಲದ ಚಿಕ್ಕಮ್ಮ ಎಲಿಜಬೆತ್ ರಷ್ಯಾದ ಗದ್ದುಗೆ ಹಿಡಿದ ಕೂಡಲೇ, 1742ರಲ್ಲಿ, ಹದಿನಾಲ್ಕರ ಈ ಹುಡುಗನನ್ನು ಕರೆಸಿಕೊಂಡು, ಲೂಥರನ್ ಪಂಥದಿಂದ ಆರ್ಥೊಡಾಕ್ಸ್ ಪಂಥಕ್ಕೆ ಮತಾಂತರಿಸಿ, ಉತ್ತರಾಧಿಕಾರಿ ಎಂದು ಸಾರಿದಳು. 1745ರಲ್ಲಿ ಇನ್ನೊಂದು ಸಣ್ಣ ಜರ್ಮನ್ ಸಂಸ್ಥಾನದ ಹುಡುಗಿಯೊಂದಿಗೆ ಮದುವೆಯಾಯಿತು. ಆ ಹುಡುಗಿಯೇ ಮುಂದೆ ಕ್ಯಾಥರೀನ್. ಅವಳು ರಷ್ಯನ್ ಕಲಿತಳು, ಉಪವಾಸ ಹಿಡಿದಳು, ಇಗರ್ಜಿಯಲ್ಲಿ ಜನ ನೋಡುವಂತೆ ಮಂಡಿಯೂರಿದಳು. ಅವನು ಪೀಟಿಲು ನುಡಿಸಿಕೊಂಡು, ಹೋಲ್‌ಸ್ಟೈನಿನಿಂದ ತರಿಸಿದ ಸೈನಿಕರಿಗೆ ಕವಾಯತು ಮಾಡಿಸಿಕೊಂಡು, ಶತ್ರುದೇಶ ಪ್ರಶ್ಯಾದ ಎರಡನೇ ಫ್ರೆಡರಿಕನೇ ತನ್ನ ಆರಾಧ್ಯದೈವ ಎಂದು ಊಟದ ಮೇಜಿನಲ್ಲೇ ಹೇಳಿಕೊಂಡು ಇದ್ದ.

ಅವನು ಅರೆಹುಚ್ಚ ಎಂಬ ಚಿತ್ರ ಎಲ್ಲಿಂದ ಬಂತು ಎಂದು ನೋಡಿದರೆ ದೊಡ್ಡ ಪಾಲು ಒಂದೇ ಕಡೆಗೆ ಹೋಗುತ್ತದೆ: ಕ್ಯಾಥರೀನಳ ಆತ್ಮಕಥನಕ್ಕೆ. ಬೊಂಬೆ ಸೈನಿಕರನ್ನು ತಿಂದ ಇಲಿಗೆ ಪೀಟರ್ ಸೇನಾ ನ್ಯಾಯಾಲಯದ ವಿಚಾರಣೆ ನಡೆಸಿ ಗಲ್ಲಿಗೇರಿಸಿದ ಎಂಬ ಪ್ರಸಿದ್ಧ ಪ್ರಸಂಗವೂ ಅಲ್ಲಿಯದೇ. ಆ ಆತ್ಮಕಥನವನ್ನು ಅವಳು ಹಲವು ಸಲ ತಿದ್ದಿ ಬರೆದಳು, ಬರೆದಷ್ಟೂ ಗಂಡ ಇನ್ನಷ್ಟು ಕೆಟ್ಟವನಾದ. ಗಂಡನ ಪಟ್ಟ ಕಸಿದ ಹೆಂಡತಿ ಬರೆದ ಗಂಡನ ಚರಿತ್ರೆ ಅದು. ಎಲ್ಲವೂ ಸುಳ್ಳು ಎನ್ನಲಾರೆ. ಒರಟುತನ, ಕುಡಿತ, ಎಲ್ಲಿ ಏನು ಆಡಬೇಕೆಂಬ ವಿವೇಕವಿಲ್ಲದ ಬಾಯಿ, ಇವನ್ನು ಆಗ ಪೀಟರ್ಸ್‌ಬರ್ಗಿನಲ್ಲಿದ್ದ ವಿದೇಶಿ ರಾಯಭಾರಿಗಳೂ ಬರೆದಿದ್ದಾರೆ. ಹುಚ್ಚು ಮಾತ್ರ ಅವನ ಸರ್ಕಾರದ ಕಾಗದಪತ್ರಗಳಲ್ಲಿ ಕಾಣುವುದಿಲ್ಲ.

ಎಲಿಜಬೆತ್ 1761ರ ಡಿಸೆಂಬರ್ 25ರಂದು ತೀರಿಕೊಂಡಳು. ಅಲ್ಲಿಂದ 186 ದಿನ ಪೀಟರನ ಆಳ್ವಿಕೆ. ಫೆಬ್ರವರಿ 18ರಂದು, ಮಹಾ ಪೀಟರ್ ಹೇರಿದ್ದ ಕಡ್ಡಾಯ ರಾಜಸೇವೆಯಿಂದ ಶ್ರೀಮಂತ ವರ್ಗವನ್ನು ಬಿಡುಗಡೆ ಮಾಡಿದ. ಅದೇ ವಾರ, ಜನ ಹೆಸರು ಹೇಳಲೂ ನಡುಗುತ್ತಿದ್ದ ಗುಪ್ತ ವಿಚಾರಣಾ ಕಚೇರಿಯನ್ನು ಮುಚ್ಚಿಸಿದ. ಉಪ್ಪಿನ ಬೆಲೆ ಇಳಿಸಲು ಹೊರಟ. ಹಳೆಯ ವಿಧಿಗಳನ್ನು ಬಿಡದೆ ಅಧಿಕೃತ ಚರ್ಚಿನಿಂದ ಹೊರಗುಳಿದಿದ್ದವರ ಮೇಲಿನ ಕಿರುಕುಳ ನಿಲ್ಲಿಸಿದ. ಕಾರ್ಖಾನೆಗಳಿಗೆಂದು ಜೀತದ ರೈತರನ್ನು ಹಳ್ಳಿಗಟ್ಟಲೆ ಕೊಳ್ಳುವುದನ್ನು ನಿಷೇಧಿಸಿದ. ಮಾರ್ಚ್‌ನಲ್ಲಿ ಮಠಗಳ ಜಮೀನನ್ನೂ ಅದರಲ್ಲಿ ದುಡಿಯುತ್ತಿದ್ದ ರೈತರನ್ನೂ ಸರ್ಕಾರದ ವಶಕ್ಕೆ ತೆಗೆದುಕೊಳ್ಳುವ ಆಜ್ಞೆ ಹೊರಟಿತು. ಇವೆಲ್ಲ ಅವನ ತಲೆಯಿಂದಲೇ ಬಂದವು ಎಂದಲ್ಲ. ಎಲಿಜಬೆತಳ ಕಾಲದಿಂದಲೂ ಕಚೇರಿಗಳಲ್ಲಿ ಕೊಳೆಯುತ್ತಿದ್ದ ಕರಡುಗಳು ಇವುಗಳಲ್ಲಿ ಹಲವು. ಆದರೂ ಸಹಿ ಹಾಕುವ ಧೈರ್ಯ ಮಾಡಿದವನು ಇವನು.

ತಪ್ಪಿದ್ದು ಹೊರದೇಶದ ವ್ಯವಹಾರದಲ್ಲಿ. ಸಪ್ತವಾರ್ಷಿಕ ಯುದ್ಧ ನಡೆಯುತ್ತಿತ್ತು. 1758ರಿಂದ ಪೂರ್ವ ಪ್ರಶ್ಯಾ ರಷ್ಯಾದ ಕೈಯಲ್ಲಿತ್ತು, 1760ರಲ್ಲಿ ರಷ್ಯನ್ ಪಡೆ ಬರ್ಲಿನ್ನಿಗೇ ನುಗ್ಗಿ ಬಂದಿತ್ತು, ಫ್ರೆಡರಿಕ್ ಕೈಚೆಲ್ಲುವ ಹಂತದಲ್ಲಿದ್ದ. ಪೀಟರ್ ಗದ್ದುಗೆ ಏರಿದವನೇ ಯುದ್ಧ ನಿಲ್ಲಿಸಿ, ಏಪ್ರಿಲ್ 24ರ ಒಪ್ಪಂದದಲ್ಲಿ ಗೆದ್ದ ನೆಲವನ್ನೆಲ್ಲ ಬಿಡಿಗಾಸೂ ಕೇಳದೆ ಹಿಂದಿರುಗಿಸಿದ. ಐದು ವರ್ಷ ರಕ್ತ ಸುರಿಸಿದ ಸೈನಿಕನಿಗೆ ಇದು ಹೇಗೆ ಕಂಡಿರಬೇಕು? ಅದೂ ಸಾಲದೆಂಬಂತೆ ಪ್ರಶ್ಯಾ ಮಾದರಿಯ ಬಿಗಿ ಸಮವಸ್ತ್ರ, ಪ್ರಶ್ಯಾ ಮಾದರಿಯ ಕವಾಯತು ಬಂದವು. ತನ್ನ ಪಿತ್ರಾರ್ಜಿತ ಹೋಲ್‌ಸ್ಟೈನಿಗೆ ಸೇರಬೇಕಾದ ಶ್ಲೆಸ್‌ವಿಗ್ ಪ್ರದೇಶವನ್ನು ಕಿತ್ತುಕೊಳ್ಳಲು ಡೆನ್ಮಾರ್ಕಿನ ಮೇಲೆ ಹೊಸ ಯುದ್ಧಕ್ಕೆ ಸಿದ್ಧತೆ ನಡೆಯಿತು. ರಾಜಧಾನಿಯಲ್ಲಿ ಹಾಯಾಗಿದ್ದ ಗಾರ್ಡ್ಸ್ ರೆಜಿಮೆಂಟುಗಳೂ ಆ ದಂಡಯಾತ್ರೆಗೆ ಹೊರಡಬೇಕೆಂದಾಯಿತು.

ಗಾರ್ಡ್ಸ್ ಎಂದರೆ ಯಾರು ಎಂದು ಒಂದು ಮಾತು ಹೇಳಬೇಕು. ಮುಂದಿನ ಅರಸನನ್ನು ಆಳುವವನೇ ಆರಿಸಬಹುದು ಎಂದು 1722ರಲ್ಲಿ ಮಹಾ ಪೀಟರ್ ಕಾನೂನು ಮಾಡಿದ್ದ. ಆರಿಸಲು ಹೋಗಿ ಆರಿಸದೆಯೇ ಸತ್ತ. ಅಂದಿನಿಂದ ಪೀಟರ್ಸ್‌ಬರ್ಗಿನಲ್ಲಿ ಪಟ್ಟ ಕಟ್ಟುವ ಕೆಲಸ ಬಂದೂಕು ಹಿಡಿದು ಅರಮನೆ ಕಾಯುತ್ತಿದ್ದ ಈ ರೆಜಿಮೆಂಟುಗಳ ಕೈಗೆ ಬಂತು. 1741ರಲ್ಲಿ ಎಲಿಜಬೆತಳನ್ನು ಕೂರಿಸಿದ್ದೂ ಅವರೇ. ಅಂಥವರನ್ನು ಎದುರುಹಾಕಿಕೊಂಡು, ಜೊತೆಗೆ ಪಾದ್ರಿಗಳನ್ನೂ ರೇಗಿಸಿ, ಪಟ್ಟಾಭಿಷೇಕಕ್ಕೂ ಪುರಸೊತ್ತಿಲ್ಲದೆ ಓಡಾಡುತ್ತಿದ್ದವನು ಪೀಟರ್. ಮಾಸ್ಕೋಗೆ ಹೋಗಿ ಮೊದಲು ಕಿರೀಟ ಧರಿಸಿಕೋ, ಜನ ಅದಕ್ಕೆ ಬೆಲೆ ಕೊಡುತ್ತಾರೆ ಎಂದು ಪ್ರಶ್ಯಾದ ಫ್ರೆಡರಿಕನೇ ಬುದ್ಧಿ ಹೇಳಿದ್ದ. ಆರಾಧ್ಯದೈವದ ಮಾತನ್ನೂ ಕೇಳಲಿಲ್ಲ.

ಜೂನ್ 9ರಂದು ಶಾಂತಿ ಒಪ್ಪಂದದ ಔತಣದಲ್ಲಿ ನೂರಾರು ಅತಿಥಿಗಳ ಮುಂದೆ ಹೆಂಡತಿಯನ್ನು 'ಮೂರ್ಖೆ' ಎಂದು ಕೂಗಿ ಬೈದ. ಅವಳನ್ನು ಮಠಕ್ಕೆ ಅಟ್ಟಿ, ಪ್ರೇಯಸಿ ಎಲಿಜವೆಟಾ ವೊರೊಂತ್ಸೊವಾಳನ್ನು ಮದುವೆಯಾಗುತ್ತಾನೆ ಎಂಬ ಗುಲ್ಲು ಮೊದಲೇ ಇತ್ತು. ಕ್ಯಾಥರೀನಳೂ ಸುಮ್ಮನೆ ಕೂತಿರಲಿಲ್ಲ. ಗಾರ್ಡ್ಸ್ ಅಧಿಕಾರಿ ಗ್ರಿಗೋರಿ ಓರ್ಲೊವನ ಮಗುವನ್ನು ಆ ಏಪ್ರಿಲ್‌ನಲ್ಲೇ ಗುಟ್ಟಾಗಿ ಹೆತ್ತಿದ್ದಳು. ಗ್ರಿಗೋರಿಯೂ ಅವನ ಅಣ್ಣತಮ್ಮಂದಿರೂ ರೆಜಿಮೆಂಟುಗಳಲ್ಲಿ ಹಣ ಹಂಚಿ ಜನ ಕೂಡಿಸುತ್ತಿದ್ದರು.

ಜೂನ್ 27ರ ಸಂಜೆ ಸಂಚಿನ ಒಬ್ಬ ಅಧಿಕಾರಿ ಸಿಕ್ಕಿಬಿದ್ದ. ಇನ್ನು ತಡಮಾಡಿದರೆ ಎಲ್ಲರ ತಲೆ ಹೋಗುತ್ತದೆಂದು 28ರ ಬೆಳಗಿನ ಜಾವ ಗ್ರಿಗೋರಿಯ ತಮ್ಮ ಅಲೆಕ್ಸೇಯ್ ಓರ್ಲೊವ್ ಪೀಟರ್‌ಹೋಫಿನ ಉದ್ಯಾನಗೃಹಕ್ಕೆ ಹೋಗಿ ಕ್ಯಾಥರೀನಳನ್ನು ಎಬ್ಬಿಸಿ, ಗಾಡಿ ಹತ್ತಿಸಿ ರಾಜಧಾನಿಗೆ ಕರೆತಂದ. ಒಂದಾದ ಮೇಲೊಂದು ರೆಜಿಮೆಂಟು ಅವಳಿಗೆ ಜೈ ಎಂದಿತು. ಪಾದ್ರಿಗಳು ಕಜಾನ್ ಇಗರ್ಜಿಯಲ್ಲಿ ಆಶೀರ್ವದಿಸಿದರು. ಮಧ್ಯಾಹ್ನದ ಹೊತ್ತಿಗೆ, ಮರುದಿನದ ತನ್ನ ನಾಮದಿನದ (ತನ್ನ ಹೆಸರಿನ ಸಂತನ ದಿನದ) ಹಬ್ಬಕ್ಕೆಂದು ಪರಿವಾರದೊಂದಿಗೆ ಪೀಟರ್‌ಹೋಫಿಗೆ ಬಂದ ಪೀಟರನಿಗೆ ಸಿಕ್ಕಿದ್ದು ಹೆಂಡತಿಯ ಹಬ್ಬದ ಉಡುಪು ಮಾತ್ರ. ಎಂಬತ್ತರ ಹತ್ತಿರದ ಮುದಿ ಸೇನಾಪತಿ ಮ್ಯೂನಿಖ್, ಹಡಗು ಹತ್ತಿ ಕ್ರೋನ್‌ಸ್ಟಾಟ್ ಕೋಟೆಗೆ ಹೋಗೋಣ, ನೌಕಾದಳ ಕೈಯಲ್ಲಿದ್ದರೆ ಆಟ ಮುಗಿದಿಲ್ಲ ಎಂದ. ಪೀಟರ್ ಗಂಟೆಗಟ್ಟಲೆ ಯೋಚಿಸಿ, ನಡುರಾತ್ರಿ ದಾಟಿದ ಮೇಲೆ ಕೋಟೆ ತಲುಪಿದಾಗ, ಕ್ಯಾಥರೀನಳ ಕಡೆಯ ಅಡ್ಮಿರಲ್ ತಾಲಿಜಿನ್ ಮೊದಲೇ ಬಂದು ಕೂತಿದ್ದ. ಸಾಮ್ರಾಟ ಬಂದಿದ್ದೇನೆ ಎಂದರೆ, ನಮಗೀಗ ಸಾಮ್ರಾಟ ಇಲ್ಲ, ಸಾಮ್ರಾಜ್ಞಿ ಇದ್ದಾಳೆ ಎಂದು ಕಾವಲಿನವರು ಕೂಗಿದರಂತೆ. 29ರಂದು ಅವನು ಸಿಂಹಾಸನ ತ್ಯಾಗದ ಪತ್ರಕ್ಕೆ ಸಹಿ ಹಾಕಿದ. ಮಲಗಲು ಹೋಗೆಂದಾಗ ಎದ್ದುಹೋಗುವ ಮಗುವಿನಂತೆ ಗದ್ದುಗೆ ಬಿಟ್ಟುಕೊಟ್ಟ ಎಂದು ಫ್ರೆಡರಿಕ್ ಆಮೇಲೆ ಹೇಳಿದ ಮಾತು ಪ್ರಸಿದ್ಧ. ತನ್ನನ್ನು ಉಳಿಸಿದವನ ಬಗ್ಗೆ ಆಡಿದ ಮಾತು ಅದು ಎಂಬುದನ್ನೂ ನೆನಪಿಡಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಅದೇ ಸಂಜೆ ಅವನನ್ನು ರಾಜಧಾನಿಯ ನೈರುತ್ಯಕ್ಕಿರುವ ರೋಪ್ಷಾದ ಬಂಗಲೆಗೆ ಒಯ್ದರು. ಕಾವಲಿನ ಮುಖ್ಯಸ್ಥ ಅಲೆಕ್ಸೇಯ್ ಓರ್ಲೊವ್, ಜೊತೆಗೆ ರಾಜಕುವರ ಫ್ಯೋದರ್ ಬರ್ಯಾತಿನ್ಸ್ಕಿ ಮತ್ತಿತರ ಅಧಿಕಾರಿಗಳು. ಶ್ಲಿಸ್ಸೆಲ್‌ಬರ್ಗ್ ಕೋಟೆಯಲ್ಲಿ ಕೋಣೆ ಸಿದ್ಧವಾಗುವವರೆಗಿನ ತಾತ್ಕಾಲಿಕ ಏರ್ಪಾಡು ಇದು. ಪೀಟರ್ ತನ್ನ ಪೀಟಿಲು, ನಾಯಿ, ಹಾಸಿಗೆ, ಆಫ್ರಿಕಾ ಮೂಲದ ಸೇವಕ, ಪ್ರೇಯಸಿ, ಇಷ್ಟನ್ನು ಕೇಳಿದ. ಪ್ರೇಯಸಿಯನ್ನು ಮಾತ್ರ ಕೊಡಲಿಲ್ಲ ಎಂದು ಕ್ಯಾಥರೀನಳೇ ಬರೆದಿದ್ದಾಳೆ. ಕೋಣೆ ಬಹಳ ಚಿಕ್ಕದು, ಓಡಾಡಲೂ ಆಗದು, ದೇಹಬಾಧೆ ತೀರಿಸಿಕೊಳ್ಳುವಾಗಲೂ ಅಧಿಕಾರಿಗಳು ಹೊರಗೆ ಹೋಗುವುದಿಲ್ಲ, ದಯವಿಟ್ಟು ನನ್ನನ್ನು ಜರ್ಮನಿಗೆ ಹೋಗಲು ಬಿಡಿ ಎಂದು ಅವನು ಬರೆದ ಪತ್ರಗಳು ಉಳಿದಿವೆ. ಅವನ್ನು ಓದುವಾಗ ನನಗೆ ಪ್ರತಿ ಸಲವೂ ಕಸಿವಿಸಿಯಾಗುತ್ತದೆ. ಆರು ತಿಂಗಳು ಯುರೋಪನ್ನೇ ತಲೆಕೆಳಗು ಮಾಡಿದವನು ಕೊನೆಗೆ ಕೇಳುತ್ತಿರುವುದು ಪಕ್ಕದ ಕೋಣೆಗೆ ಹೋಗುವ ಅನುಮತಿ.

ಜುಲೈ 6ರಂದು ಅವನು ಸತ್ತ. ಅದು ಅಧಿಕೃತ ದಿನಾಂಕ. ಡೆನ್ಮಾರ್ಕ್ ರಾಯಭಾರ ಕಚೇರಿಯಲ್ಲಿದ್ದ ಶುಮಾಕರ್ ಎಂಬಾತ 3ರಂದೇ ಕೊಲ್ಲಲಾಯಿತು ಎಂದು ಬರೆದಿಟ್ಟಿದ್ದಾನೆ.

ಇಲ್ಲಿ ಮೂರು ಪತ್ರಗಳು ಮುಖ್ಯ, ಮೂರೂ ಅಲೆಕ್ಸೇಯ್ ಓರ್ಲೊವ್ ಕ್ಯಾಥರೀನಳಿಗೆ ಬರೆದದ್ದು ಎನ್ನಲಾದವು. ಮೊದಲನೆಯದರಲ್ಲಿ, 'ನಮ್ಮ ವಿಕಾರರೂಪಿ'ಗೆ ಹೊಟ್ಟೆಶೂಲೆ ಬಂದಿದೆ, ಇವತ್ತು ರಾತ್ರಿ ಸಾಯುತ್ತಾನೇನೋ ಎಂಬ ಭಯ, ಅದಕ್ಕಿಂತ ಬದುಕಿಬಿಟ್ಟರೆ ಎಂಬ ಭಯ ಹೆಚ್ಚು ಎಂಬರ್ಥದ ಸಾಲಿದೆ. ಎರಡನೆಯದರಲ್ಲಿ, ಸಂಜೆಯವರೆಗೆ ಉಳಿಯುವುದು ಅನುಮಾನ, ಪ್ರಜ್ಞೆಯೇ ಇಲ್ಲದಂತಾಗಿದ್ದಾನೆ ಎಂದಿದೆ. ಇವೆರಡರ ಮೂಲಪ್ರತಿಗಳು ಉಳಿದಿವೆ, ಎರಡನೆಯದರಲ್ಲಿ ಸಹಿಯ ಭಾಗ ಹರಿದುಹೋಗಿದೆ. ಹೆಸರಾದದ್ದು ಮೂರನೆಯದು. 'ಅಮ್ಮಾ, ಅವನಿಲ್ಲ' ಎಂದು ಗೋಗರೆಯುವ ಪತ್ರ ಅದು. ಊಟದ ಮೇಜಿನಲ್ಲಿ ಫ್ಯೋದರನೊಂದಿಗೆ ಜಗಳ ಹತ್ತಿತು, ಬಿಡಿಸುವಷ್ಟರಲ್ಲಿ ಅವನು ಸತ್ತಿದ್ದ, ಏನು ಮಾಡಿದೆವೋ ನಮಗೇ ನೆನಪಿಲ್ಲ, ತಪ್ಪು ಎಲ್ಲರದು, ಕ್ಷಮಿಸು ಎಂದು ಬೇಡಿಕೊಳ್ಳುತ್ತದೆ.

ಕೊಲೆಯ ತಪ್ಪೊಪ್ಪಿಗೆ ಸಿಕ್ಕಿತಲ್ಲ ಎಂದು ಇಲ್ಲಿಗೇ ನಿಲ್ಲುವವರು ಬಹಳ. ಆದರೆ ಈ ಮೂರನೆಯ ಪತ್ರದ ಮೂಲವನ್ನು ಇಂದಿನ ಯಾವ ಇತಿಹಾಸಕಾರನೂ ನೋಡಿಲ್ಲ. ನಮ್ಮ ಬಳಿ ಇರುವುದು ರೊಸ್ತೊಪ್ಚಿನ್ ಎಂಬ ಆಸ್ಥಾನಿಕ ಮಾಡಿಕೊಂಡ ನಕಲು. 1796ರಲ್ಲಿ ಕ್ಯಾಥರೀನ್ ಸತ್ತಾಗ ಅವಳ ಪೆಟ್ಟಿಗೆಯಲ್ಲಿ ಮೂಲ ಸಿಕ್ಕಿತು, ಮಗ ಪಾವೆಲ್ ಅದನ್ನು ಸುಟ್ಟುಹಾಕುವ ಮುಂಚೆ ನಾನು ಅವಸರದಲ್ಲಿ ಬರೆದುಕೊಂಡೆ ಎಂಬುದು ಅವನ ಹೇಳಿಕೆ. (1812ರಲ್ಲಿ ನೆಪೋಲಿಯನ್ ಬಂದಾಗ ಮಾಸ್ಕೋದ ಗವರ್ನರ್ ಆಗಿದ್ದವನು ಇವನೇ. ನಗರಕ್ಕೆ ಬೆಂಕಿ ಇಡಿಸಿದ್ದು ತಾನೋ ಅಲ್ಲವೋ ಎಂಬುದರಲ್ಲೂ ಕಾಲಕ್ಕೊಂದು ಮಾತಾಡಿದ ಮನುಷ್ಯ.) 1990ರ ದಶಕದಿಂದ ರಷ್ಯಾದ ಸಂಶೋಧಕರು ಈ ನಕಲಿನ ಸಾಚಾತನವನ್ನೇ ಪ್ರಶ್ನಿಸಿದ್ದಾರೆ. ಅದು ಯಾರಿಗೆ ಅನುಕೂಲ ಎಂದು ನೋಡಿ: ಕುಡಿದ ಜಗಳದಲ್ಲಿ ಆದ ಸಾವು, ಯೋಜನೆ ಇಲ್ಲ, ಸಾಮ್ರಾಜ್ಞಿಗೆ ಗೊತ್ತೇ ಇರಲಿಲ್ಲ. ಕ್ಯಾಥರೀನಳನ್ನೂ ಉಳಿಸಿತು, ಓರ್ಲೊವನ ತಲೆಗೂ ಕಟ್ಟಿತು. ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ದಾಖಲೆ ನಕಲಾಗಿ ಮಾತ್ರ ಉಳಿದಿದ್ದರೆ ನಾನು ಅದರ ಮೇಲೆ ಭಾರ ಹಾಕುವುದಿಲ್ಲ.

ಹಾಗಾದರೆ ಕೊಲೆ ಎಂದು ಯಾವ ಧೈರ್ಯದ ಮೇಲೆ ಹೇಳುತ್ತೇನೆ? ಶವದರ್ಶನದ ಕಥೆಯನ್ನೇ ಬಹಳ ಜನ ಮುಂದಿಡುತ್ತಾರೆ. ಅಲೆಕ್ಸಾಂಡರ್ ನೆವ್‌ಸ್ಕಿ ಮಠದಲ್ಲಿ ಹೋಲ್‌ಸ್ಟೈನ್ ಸಮವಸ್ತ್ರ ತೊಡಿಸಿ ಮಲಗಿಸಿದ್ದರು. ಮುಖದ ಮೇಲೆ ಇಳಿಬಿದ್ದ ದೊಡ್ಡ ಟೊಪ್ಪಿ, ಕುತ್ತಿಗೆಗೆ ಅಗಲವಾಗಿ ಸುತ್ತಿದ ವಸ್ತ್ರ, ಕಪ್ಪಿಟ್ಟ ಮುಖ. ಜನರನ್ನು ನಿಲ್ಲಗೊಡದೆ ಮುಂದೆ ತಳ್ಳುತ್ತಿದ್ದರು. ಕತ್ತು ಹಿಸುಕಿದ್ದಕ್ಕೆ ಸಾಕ್ಷಿ ಎಂದು ಅಂದೇ ಗುಸುಗುಸು ಹಬ್ಬಿತು. ನನಗೆ ಇದು ಅಷ್ಟು ಬಲವಾದ ಸಾಕ್ಷಿ ಎನಿಸುವುದಿಲ್ಲ. ಜುಲೈ ಬೇಸಿಗೆಯಲ್ಲಿ ಎರಡು ಮೂರು ದಿನ ಇಟ್ಟ ಹೆಣದ ಮುಖ ಹೇಗೂ ಕಪ್ಪಿಡುತ್ತದೆ. ಕ್ಯಾಥರೀನ್ ಶವಪರೀಕ್ಷೆ ಮಾಡಿಸಿದಳು. ವಿಷದ ಕುರುಹಿಲ್ಲ, ಹೃದಯ ಮಾತ್ರ ಬಹಳ ಸಣ್ಣದಿತ್ತು ಎಂದು ಆಗಸ್ಟ್‌ನಲ್ಲಿ ತನ್ನ ಹಳೆಯ ಪ್ರಿಯಕರ ಪೊನ್ಯಾತೊವ್‌ಸ್ಕಿಗೆ ಬರೆದಳು. ವಿಷ ಇಲ್ಲವೆಂದು ಅಷ್ಟು ಒತ್ತಿ ಹೇಳಿದವಳು ಕತ್ತಿನ ಬಗ್ಗೆ ಒಂದಕ್ಷರ ಬರೆದಿಲ್ಲ.

ನನಗೆ ಹೆಚ್ಚು ತೂಕದ್ದಾಗಿ ಕಾಣುವುದು ಆ ವಾರದ ಲೆಕ್ಕಾಚಾರ. ಕ್ಯಾಥರೀನಳಲ್ಲಿ ರೊಮಾನೊವ್ ರಕ್ತ ಒಂದು ತೊಟ್ಟೂ ಇರಲಿಲ್ಲ. ಏಳು ವರ್ಷದ ಮಗ ಪಾವೆಲ್‌ನನ್ನು ಕೂರಿಸಿ ಅವನು ದೊಡ್ಡವನಾಗುವವರೆಗೆ ಅವನ ಪರವಾಗಿ ಆಳುವ ರೀಜೆಂಟ್ ಆಗಿ ಅವಳಿರಲಿ ಎಂದು ಅವಳ ಕಡೆಯವನೇ ಆದ, ಪಾವೆಲ್‌ನ ಗುರು ಪಾನಿನ್‌ನೇ ಬಯಸಿದ್ದ. ಶ್ಲಿಸ್ಸೆಲ್‌ಬರ್ಗಿನಲ್ಲಿ ಇನ್ನೊಬ್ಬ ಪದಚ್ಯುತ ಸಾಮ್ರಾಟ ಆಗಲೇ ಇದ್ದ. ಶಿಶುವಾಗಿದ್ದಾಗ ಒಂದು ವರ್ಷ ಪಟ್ಟದಲ್ಲಿದ್ದು, 1741ರಿಂದ ಸೆರೆಯಲ್ಲೇ ಬೆಳೆದ ಆರನೇ ಇವಾನ್. ಯಾರಾದರೂ ಬಿಡಿಸಲು ಬಂದರೆ ಅವನನ್ನು ಕೊಂದುಬಿಡಿ ಎಂದು ಕಾವಲಿನವರಿಗೆ ಆಜ್ಞೆ ಇತ್ತು. 1764ರಲ್ಲಿ ಮಿರೊವಿಚ್ ಎಂಬ ಅಧಿಕಾರಿ ಬಿಡಿಸಲು ಹೋದಾಗ ಅಂತೆಯೇ ಇರಿದು ಕೊಂದರು. ಜೀವಂತ ಪೀಟರ್ ಅಂದರೆ ಮುಂದಿನ ಸಂಚಿಗೆ ಸಿದ್ಧವಾಗಿಟ್ಟ ಹೆಸರು. ಅವನೇನಾದರೂ ಮತ್ತೆ ಗದ್ದುಗೆಗೆ ಬಂದರೆ ಮೊದಲು ಹೋಗುವುದು ಓರ್ಲೊವ್ ಸೋದರರ ತಲೆ. ಅಂಥ ಓರ್ಲೊವನನ್ನೇ ಕಾವಲಿಗೆ ಹಾಕಿದವಳು ಅವಳು.

ಸಾವಿನ ನಂತರ ನಡೆದದ್ದನ್ನೂ ಸೇರಿಸಿಕೊಳ್ಳಿ. ವಿಚಾರಣೆ ನಡೆಯಲಿಲ್ಲ, ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಸೆಪ್ಟೆಂಬರಿನ ಪಟ್ಟಾಭಿಷೇಕದಲ್ಲಿ ಓರ್ಲೊವ್ ಸೋದರರೆಲ್ಲ ಕೌಂಟ್ ಪದವಿಗೇರಿದರು. ರೋಪ್ಷಾದ ಆ ಬಂಗಲೆಯನ್ನೇ ಅವಳು ಗ್ರಿಗೋರಿಗೆ ಕೊಡುಗೆಯಾಗಿ ಕೊಟ್ಟಳು. ಅವಳು ಕೊಲ್ಲಲು ಹೇಳಿದಳು ಎಂದು ನಾನು ಹೇಳುವುದಿಲ್ಲ. ಆದರೆ ಅವಳಿಗೆ ಬೇಡದ ಕೆಲಸ ಅದಾಗಿದ್ದರೆ ಆಮೇಲಿನ ನಡವಳಿಕೆ ಹೀಗಿರುತ್ತಿರಲಿಲ್ಲ. ನಿಜವಾಗಿಯೂ ಕಾಯಿಲೆಯಿಂದಲೇ ಸತ್ತಿರಬಹುದು ಎಂದು ವಾದಿಸುವ ವಿದ್ವಾಂಸರಿದ್ದಾರೆ. ಮೊದಲ ಎರಡು ಪತ್ರಗಳನ್ನಷ್ಟೇ ಇಟ್ಟುಕೊಂಡರೆ ಆ ವಾದಕ್ಕೆ ಜಾಗವಿದೆ. ಬೇಕಾದ ಕಾಯಿಲೆ ಬೇಕಾದ ವಾರದಲ್ಲೇ ಬಂತು ಎಂಬುದು ಮಾತ್ರ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ರೈತರ ವಿಷಯ ಕೇಳಿದ್ದೀರಿ. ಶ್ರೀಮಂತರನ್ನು ಕಡ್ಡಾಯ ಸೇವೆಯಿಂದ ಬಿಟ್ಟ ಮೇಲೆ, ಆ ಸೇವೆಗೆ ಪ್ರತಿಯಾಗಿ ಅವರಿಗೆ ದುಡಿಯುತ್ತಿದ್ದ ನಮ್ಮನ್ನೂ ಬಿಡಬೇಕಲ್ಲ, ಎಂದು ಹಳ್ಳಿಗಳಲ್ಲಿ ಜನ ಕಾಯತೊಡಗಿದ್ದರು. ಪೀಟರನ ಮನಸ್ಸಿನಲ್ಲಿ ಅಂಥ ಯೋಚನೆ ಇರಲಿಲ್ಲ. ರೈತರು ಧಣಿಗಳಿಗೆ ವಿಧೇಯರಾಗಿರಬೇಕೆಂದು ಜೂನ್‌ನಲ್ಲಿ ಅವನೇ ಆಜ್ಞೆ ಹೊರಡಿಸಿದ್ದ. ಆದರೆ ಮಠದ ಜಮೀನಿನ ರೈತರಿಗೆ ಅವನ ಕಾಲದಲ್ಲಿ ನಿಜವಾದ ಬಿಡುಗಡೆಯ ರುಚಿ ಸಿಕ್ಕಿತ್ತು. ಕ್ಯಾಥರೀನ್ ಬಂದವಳೇ ಚರ್ಚನ್ನು ಒಲಿಸಿಕೊಳ್ಳಲು ಆ ಆಜ್ಞೆಯನ್ನು ತಡೆದಳು. (ಗದ್ದುಗೆ ಗಟ್ಟಿಯಾದ ಮೇಲೆ, 1764ರಲ್ಲಿ, ಅದನ್ನೇ ತಾನು ಜಾರಿಗೆ ತಂದಳು. ಪ್ರಶ್ಯಾದೊಂದಿಗಿನ ಶಾಂತಿಯನ್ನು ದ್ರೋಹ ಎಂದು ಬೈದು ಬಂದವಳು ಯುದ್ಧವನ್ನೂ ಮತ್ತೆ ಹೂಡಲಿಲ್ಲ.) ಹಳ್ಳಿಯವರ ಕಣ್ಣಲ್ಲಿ ಲೆಕ್ಕ ಸರಳವಾಗಿತ್ತು: ನಮ್ಮನ್ನು ಬಿಡಿಸಲು ಹೊರಟ ಅರಸನನ್ನು ಧಣಿಗಳು ಸೇರಿ ಇಳಿಸಿದರು, ಅವನು ತಪ್ಪಿಸಿಕೊಂಡು ಎಲ್ಲೋ ಇದ್ದಾನೆ.

ಹೀಗೆ ನಾನೇ ಪೀಟರ್ ಎಂದು ಹೊರಟವರು ಒಬ್ಬಿಬ್ಬರಲ್ಲ. ದೂರದ ಮಾಂಟೆನೆಗ್ರೊದಲ್ಲಿ 1767ರಲ್ಲಿ ಕಾಣಿಸಿಕೊಂಡ 'ಪುಟ್ಟ ಸ್ಟೀಫನ್' ಎಂಬಾತ, ನಾನೇ ರಷ್ಯಾದ ಸಾಮ್ರಾಟ ಎಂಬ ಗುಲ್ಲಿನ ಮೇಲೇ ಆ ಗುಡ್ಡಗಾಡನ್ನು 1773ರಲ್ಲಿ ಕೊಲೆಯಾಗುವವರೆಗೆ ಆಳಿದ. ಅದೇ 1773ರ ಸೆಪ್ಟೆಂಬರಿನಲ್ಲಿ ಗಡಿನಾಡಿನ ಕುದುರೆಸವಾರ ಯೋಧರಾದ ಕೊಸಾಕರಲ್ಲಿ ಒಬ್ಬ, ಡಾನ್ ಪ್ರದೇಶದ ಎಮೆಲ್ಯಾನ್ ಪುಗಚೋವ್, ಎದೆಯ ಮೇಲಿನ ಕಲೆಗಳನ್ನು ತೋರಿಸಿ ಇವು ರಾಜಲಾಂಛನ ಎಂದು ಯಾಯಿಕ್ ನದಿಯ ಕೊಸಾಕರನ್ನು ನಂಬಿಸಿದ. ಕೊಸಾಕರಲ್ಲಿ ಮುಂದಾಳುಗಳಿಗೆ ಸತ್ಯ ಗೊತ್ತಿತ್ತು, ಅವರಿಗೆ ಹೆಸರು ಸಾಕಾಗಿತ್ತು. ವೋಲ್ಗಾ ಬಯಲೆಲ್ಲ ಹೊತ್ತಿಕೊಂಡು, ನೂರಾರು ಧಣಿಗಳು ಮನೆಮಂದಿಯೊಂದಿಗೆ ಹತರಾದರು. 1775ರ ಜನವರಿಯಲ್ಲಿ ಮಾಸ್ಕೋದಲ್ಲಿ ಅವನ ತಲೆ ಕಡಿದರು. ಯಾಯಿಕ್ ಎಂಬ ಹೆಸರೇ ಜನರ ಬಾಯಿಂದ ಅಳಿಯಲಿ ಎಂದು ಕ್ಯಾಥರೀನ್ ಆ ನದಿಗೆ ಉರಾಲ್ ಎಂದು ಮರುನಾಮಕರಣ ಮಾಡಿದಳು. ಗಂಡನ ಸಾವನ್ನು ಮುಚ್ಚಿಟ್ಟ ಬಗೆಯೇ ಅವಳಿಗೆ ಇಷ್ಟು ದುಬಾರಿಯಾಯಿತು. ಎಲ್ಲರೂ ಕಣ್ಣಾರೆ ಕಂಡ, ಕಾರಣ ಗೊತ್ತಿದ್ದ ಸಾವಾಗಿದ್ದರೆ ಇಷ್ಟೊಂದು ಪೀಟರರು ಹುಟ್ಟುತ್ತಿರಲಿಲ್ಲ.

ತಂದೆಯನ್ನು ಮಗ ಮರೆಯಲಿಲ್ಲ. 1796ರಲ್ಲಿ ಪಟ್ಟಕ್ಕೆ ಬಂದ ಪಾವೆಲ್ ಮೊದಲ ವಾರಗಳಲ್ಲೇ ಮೂವತ್ತನಾಲ್ಕು ವರ್ಷ ಹಿಂದಿನ ಆ ಶವಪೆಟ್ಟಿಗೆಯನ್ನು ಹೊರತೆಗೆಸಿ, ಬದುಕಿದ್ದಾಗ ಸಿಗದ ಕಿರೀಟವನ್ನು ಅದಕ್ಕೆ ಇಡಿಸಿ, ತಾಯಿಯ ಪೆಟ್ಟಿಗೆಯ ಪಕ್ಕದಲ್ಲೇ ಪೀಟರ್-ಪಾಲ್ ಕೋಟೆಯ ಇಗರ್ಜಿಯಲ್ಲಿ ಹೂಳಿಸಿದ. ಮೆರವಣಿಗೆಯಲ್ಲಿ ಸಾಮ್ರಾಟನ ಕಿರೀಟವನ್ನು ಹಿಡಿದು ನಡೆಯುವ ಕೆಲಸವನ್ನು ಮುದುಕ ಅಲೆಕ್ಸೇಯ್ ಓರ್ಲೊವನಿಗೆ ವಹಿಸಿದ. ಬರ್ಯಾತಿನ್ಸ್ಕಿಯನ್ನು ಆಸ್ಥಾನದಿಂದ ಓಡಿಸಿದ. ಮರುವರ್ಷ, ಮುತ್ತಜ್ಜ ಮಹಾ ಪೀಟರನ 1722ರ ಕಾನೂನನ್ನು ರದ್ದುಮಾಡಿ ಹಿರಿಯ ಮಗನಿಗೇ ಪಟ್ಟ ಎಂದು ಬರೆದಿಟ್ಟ. 1801ರ ಮಾರ್ಚ್‌ನಲ್ಲಿ ಅವನನ್ನೂ ಗಾರ್ಡ್ಸ್ ಅಧಿಕಾರಿಗಳು ಮಲಗುವ ಕೋಣೆಯಲ್ಲೇ ಕೊಂದರು. ಸರ್ಕಾರಿ ಪ್ರಕಟಣೆಯಲ್ಲಿ ಪಾರ್ಶ್ವವಾಯು ಎಂದಿತ್ತು.